ಎಡಕ್ಕೆ ತಿರುಗಿದರೆ ಕೂಗುವ ಹಾರ್ನು

ಬುಕ್ಕಾಂಬುಧಿಯಿಂದ ತರೀಕೆರೆಯವರೆಗೆ ಒಂದು ಪಿಕಪ್ಪನ್ನು ಟ್ರ್ಯಾಕ್ಟರಿಗೆ ಹಗ್ಗ ಬಿಗಿದು ಎಳೆದುಕೊಂಡು ಬರುತ್ತಾರೆಂದರೆ, ಒಂದೋ ಅದರ ಎಂಜಿನ್ ಕೈಕೊಟ್ಟಿರಬೇಕು, ಇಲ್ಲವೇ ಅದರ ಕೀ ಬೇರೆ ಯಾರದೋ ಜೇಬಿನಲ್ಲಿರಬೇಕು. ಆ ಮಂಗಳವಾರ ಬೆಳಿಗ್ಗೆ ಬಿ.ಎಚ್. ರಸ್ತೆಯ ಪಕ್ಕ ಮಹಬೂಬ್ ಸಾಬರ ವೈರಿಂಗ್ ಅಂಗಡಿಯ ಮುಂದೆ ಬಂದು ನಿಂತದ್ದು ಎರಡನೆಯ ಬಗೆಯದು. ಪಿಕಪ್ಪು ರುದ್ರಮೂರ್ತಿಯದು. ಕೀ ಅವನ ದೊಡ್ಡಪ್ಪನ ಮಗ ಧರ್ಮೇಶನ ಜೇಬಿನಲ್ಲಿತ್ತು. ಎಳೆದು ತಂದ ಟ್ರ್ಯಾಕ್ಟರೂ ಧರ್ಮೇಶನದೇ.

ಮೂವತ್ತೈದು ವರ್ಷಗಳಿಂದ ಹಳೆಯ ಗಾಡಿಗಳ ಲೈಟು, ಹಾರ್ನು, ಬ್ಯಾಟರಿ ನೋಡಿಕೊಂಡು ಬಂದ ಸಾಬರಿಗೆ ಗಾಡಿಗಿಂತ ಮೊದಲು ಜನರನ್ನು ನೋಡುವ ಅಭ್ಯಾಸ. ಪಿಕಪ್ಪಿನ ಮುಂದಿನ ಗಾಜು ಜೇಡರ ಬಲೆಯಂತೆ ಬಿರಿದಿತ್ತು. ರುದ್ರಮೂರ್ತಿಯ ಎಡಗೈ ಮೊಣಕೈವರೆಗೆ ಸಿಮೆಂಟು ಪಟ್ಟಿಯಲ್ಲಿತ್ತು, ಹುಬ್ಬಿನ ಮೇಲೆ ಆರು ಹೊಲಿಗೆ ಬಿದ್ದಿದ್ದವು. ಧರ್ಮೇಶನ ಮೈಮೇಲೆ ಒಂದು ತರಚೂ ಇರಲಿಲ್ಲ. ಯಾರು ಯಾರಿಗೆ ಹೊಡೆದರೆಂದು ಕೇಳುವ ಅಗತ್ಯವೇ ಬೀಳಲಿಲ್ಲ. ಹಿಂದೆ ಪಿಕಪ್ಪಿನ ಸ್ಟಿಯರಿಂಗ್ ಹಿಡಿದು ಕೂತಿದ್ದವನು ಧರ್ಮೇಶನ ಸ್ನೇಹಿತ ಹೊನ್ನೇಶ. ಇಳಿಯುವಾಗ ಅವನು ಸೀಟಿನ ಸಂದಿಯಿಂದ ಒಂದು ಹಾರೆಯನ್ನೂ ಜೊತೆಗೆ ಇಳಿಸಿಕೊಂಡ.

ಎರಡೂ ಗಾಡಿಗಳ ಮುಂದೆ, ತಾಲ್ಲೂಕಿನ ಎಲ್ಲ ಗಾಡಿಗಳಿಗೂ ಇರುವಂತೆ, ಕೆಟ್ಟ ದೃಷ್ಟಿ ತಾಗದಿರಲೆಂದು ನಿಂಬೆಹಣ್ಣು ಮೆಣಸಿನಕಾಯಿ ತೂಗುತ್ತಿದ್ದವು. ಒಂದರ ಗಾಜು ಹೋಗಿತ್ತು, ಅದರ ಮಾಲೀಕನ ಮಣಿಕಟ್ಟೂ ಹೋಗಿತ್ತು. ನಿಂಬೆಹಣ್ಣಿಗೆ ಮಾತ್ರ ಏನೂ ಆಗಿರಲಿಲ್ಲ.

ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಬಂದಿದ್ದ ಊರಿನ ಹಿರಿಯರು ಬೆನಕಪ್ಪನವರು ಪಂಚೆ ಕೊಡವಿಕೊಂಡು ಇಳಿದರು.

"ಸಾಬ್ರೇ, ನಿಮ್ಮಿಂದ ಒಂದು ನ್ಯಾಯ ಆಗ್ಬೇಕು."

"ನಂದು ವೈರಿಂಗ್ ಅಂಗ್ಡಿ ಬೆನಕಪ್ಪೋರೇ. ಕೋರ್ಟು ಇನ್ನೂ ಮುಂದಕ್ಕೈತೆ."

"ಕೋರ್ಟಿಂದ್ಲೇ ಶುರುವಾಗಿದ್ದು ಕಣ್ರೀ ಇದು."

ಬೆನಕಪ್ಪನವರು ಹೇಳಿದ ಕತೆ ಇಷ್ಟು. ಧರ್ಮೇಶನ ಮನೆಯ ಮುಂದೆ ಹಾದು, ಕೆರೆ ಏರಿಯ ಬುಡದಲ್ಲಿ ಎಡಕ್ಕೆ ತಿರುಗಿ ರುದ್ರಮೂರ್ತಿಯ ಹೊಲಕ್ಕೆ ಹೋಗುವ ಗಾಡಿದಾರಿ ಒಂದಿದೆ. ಅದು ಯಾರದೆಂದು ಈ ಇಬ್ಬರೂ ಒಂಬತ್ತು ವರ್ಷ ಕೋರ್ಟಿಗೆ ಅಲೆದರು. ತೀರ್ಪು ರುದ್ರಮೂರ್ತಿಯ ಕಡೆಗಾಯಿತು. ಮಾರನೆಯ ಬೆಳಿಗ್ಗೆ ಈರುಳ್ಳಿ ತರಲು ಹೊರಟ ಪಿಕಪ್ಪು ಧರ್ಮೇಶನ ಜಗಲಿಯ ಮುಂದೆ ಎಡಕ್ಕೆ ತಿರುಗುವಾಗ "ಪೋಂ" ಎಂದಿತು. ಅದರ ಮಾರನೆಯ ದಿನವೂ ಎಂದಿತು. ಎರಡು ಲೋಡು ಇದ್ದ ದಿನ ಎರಡು ಸಲ.

"ಗೆದ್ದೆ ಅಂತ ದಿನಾ ನನ್ನ ಮನೆ ಮುಂದೆ ಊದಿಸ್ತಿದ್ದ," ಎಂದ ಧರ್ಮೇಶ. "ಹದ್ನಾಕು ದಿನ ತಡ್ಕಂಡೆ."

ಹದಿನೈದನೆಯ ದಿನ ಅವನು ಗುದ್ದಲಿಯ ಕಾವು ಹಿಡಿದು ತಿರುವಿನಲ್ಲಿ ನಿಂತಿದ್ದ. ಮೊದಲ ಏಟು ಗಾಜಿಗೆ, ಎರಡನೆಯದು ಹುಬ್ಬಿಗೆ. ಮೂರನೆಯದು ನೆತ್ತಿಗೆ ಬೀಳಬೇಕಿತ್ತು, ರುದ್ರಮೂರ್ತಿ ಕೈ ಅಡ್ಡ ತಂದ. ಮಣಿಕಟ್ಟು ಮುರಿದ ಸದ್ದು ಏರಿಯ ಮೇಲೆ ದನ ಹೊಡೆದುಕೊಂಡು ಹೋಗುತ್ತಿದ್ದವರಿಗೂ ಕೇಳಿಸಿತಂತೆ. "ನಾನು ಒತ್ತಿಲ್ಲ ಕಣೋ, ಅದೇ ಹೊಡ್ಕಂತದೆ!" ಎಂದು ಅವನು ಮಣ್ಣಿನಲ್ಲಿ ಹೊರಳುತ್ತ ಕೂಗಿದ್ದನಂತೆ. ಆ ಮಾತಿಗೆ ಪಕ್ಕೆಗೆ ಇನ್ನೊಂದು ಬಿತ್ತು.

"ಈಗ ಒಪ್ಪಂದ ಏನಪ್ಪಾ ಅಂದ್ರೆ," ಬೆನಕಪ್ಪನವರು ಬೆರಳು ಮಡಿಸಿದರು. "ಕೈ ಮುಟ್ಟದೆ ಹಾರ್ನ್ ಕೂಗಿದ್ರೆ ತಪ್ಪು ಧರ್ಮೇಶಂದು. ತಾನೇ ಸ್ಟೇಷನ್ನಿಗೆ ಹೋಗಿ ಹೊಡ್ದಿದ್ದು ನಾನೇ ಅಂತ ಬರ್ಕೊಡ್ತಾನೆ. ಕೂಗ್ಲಿಲ್ಲ ಅಂದ್ರೆ ರುದ್ರ ಕಂಪ್ಲೇಂಟು ವಾಪಸ್ ತಗಂತಾನೆ."

"ಅರ್ಧ ಹೇಳ್ಬೇಡಿ ಬೆನಕಪ್ಪಣ್ಣ," ಎಂದ ಧರ್ಮೇಶ. "ಕೂಗ್ಲಿಲ್ಲ ಅಂದ್ರೆ ಸುಳ್ಳು ಹೇಳಿದ್ದಕ್ಕೆ ಬೇರೆ ಐತೆ. ಎಡಗೈ ಮುರಿದೆ, ತಪ್ಪಾಯ್ತು ಅಂತೀನಿ. ಬಟನ್ ಒತ್ತಿದ್ದು ಬಲಗೈ. ಅದನ್ನ ಇಲ್ಲೇ ಜಜ್ಜಿ ಕಳಿಸ್ತೀನಿ."

"ನಾನು ಇದಕ್ಕೆ ಒಪ್ಪಿಲ್ಲ," ಎಂದರು ಬೆನಕಪ್ಪನವರು.

"ನಿಮ್ಮನ್ನ ಯಾರು ಕೇಳಿದ್ರು?" ಎಂದು ಹೊನ್ನೇಶ ಹಾರೆಯನ್ನು ಈ ಭುಜದಿಂದ ಆ ಭುಜಕ್ಕೆ ಬದಲಾಯಿಸಿದ. ಇಂಥ ಒಪ್ಪಂದಕ್ಕೆ ಬಂದವನಂತೆ ರುದ್ರಮೂರ್ತಿ ಕಾಣಲಿಲ್ಲ, ತಂದು ಹಾಕಿದವನಂತೆ ಕಾಣುತ್ತಿದ್ದ. ಅವನ ಬಲಗೈ ಪ್ಯಾಂಟಿನ ಜೇಬಿನೊಳಗೆ ಸೇರಿಕೊಂಡಿತ್ತು.

"ಇಷ್ಟು ದೂರ ನನ್ನ ಹತ್ರಾನೇ ಯಾಕೆ ತಂದ್ರಿ?" ಸಾಬರು ಕೇಳಿದರು, ಉತ್ತರ ಗೊತ್ತಿದ್ದೂ.

"ಹೋದ ತಿಂಗ್ಳು ಇದರ ಹಾರ್ನ್ ರಿಪೇರಿ ಮಾಡಿದ್ದು ನೀವೇ. ನೀವೇ ಹೇಳಿ."

ಮಾಡಿದ್ದು ನಿಜ. ಆಗ ಆ ಹಾರ್ನು ನೆಗಡಿಯಾದ ಮೇಕೆಯ ಹಾಗೆ ಕೂಗುತ್ತಿತ್ತು. ಬ್ಯಾಟರಿಯಿಂದ ಗಾಡಿಯ ಚೌಕಟ್ಟಿಗೆ ಹೋಗುವ ಅರ್ತಿಂಗ್ ಪಟ್ಟಿ ತುಕ್ಕು ತಿಂದು ಪುಡಿಪುಡಿಯಾಗಿತ್ತು. ಸಾಬರು ಕಬ್ಬಿಣ ಬೆಳ್ಳಗಾಗುವವರೆಗೆ ಉಜ್ಜಿ, ಹೊಸ ಪಟ್ಟಿ ಬಿಗಿದು, "ಇನ್ಮೇಲೆ ಇಡೀ ಬುಕ್ಕಾಂಬುಧಿಗೆ ಕೇಳ್ತದೆ ನೋಡು" ಎಂದು ಬೆನ್ನು ತಟ್ಟಿ ಕಳಿಸಿದ್ದರು. ಅಷ್ಟು ಒಳ್ಳೆಯ ಕೆಲಸ ಮಾಡಬಾರದಿತ್ತು ಎಂದು ಅವರಿಗೆ ವೃತ್ತಿಜೀವನದಲ್ಲಿ ಮೊದಲ ಬಾರಿಗೆ ಅನಿಸಿತು.

"ಅದೇ ಕೂಗೋದು ನಿಂಗೆ ಗೊತ್ತಿತ್ತಾ ರುದ್ರಪ್ಪಾ?"

"ಗೊತ್ತಿತ್ತು ಸಾಬ್ರೇ. ತಿರುವಲ್ಲಿ ಹಾರ್ನ್ ಹೊಡೀಲೇಬೇಕಲ್ಲ. ಅದೇ ಹೊಡ್ಕಂತೈತೆ, ಒಂದು ಕೆಲ್ಸ ಉಳೀತು ಅಂದ್ಕಂಡೆ."

ಸಾಬರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ತಿರುವಿನಲ್ಲಿ ಕೂಗದ ಹಾರ್ನನ್ನು ಜನ ರಿಪೇರಿಗೆ ತರುತ್ತಾರೆ. ಕೂಗುವುದನ್ನು ಈವರೆಗೆ ಯಾರೂ ತಂದಿರಲಿಲ್ಲ.

"ನೋಡ್ರಪ್ಪಾ, ಈ ಹಳೇ ಗಾಡೀಲಿ ಹಾರ್ನಿಗೆ ಎರಡು ವೈರು. ಕೀ ತಿರುಗ್ಸಿದ್ರೆ ಒಂದರಲ್ಲಿ ಕರೆಂಟು ಬಂದು ನಿಂತಿರ್ತದೆ. ಇನ್ನೊಂದು ಬಟನ್ನಿಗೆ ಹೋಗ್ತದೆ. ಬಟನ್ ಒತ್ತಿದ್ರೆ ಅದು ಗಾಡಿ ಕಬ್ಬಿಣಕ್ಕೆ ತಾಗ್ತದೆ, ಅರ್ತಿಂಗ್ ಸಿಗ್ತದೆ, ಕೂಗ್ತದೆ. ಒತ್ತದೇನೇ ಆ ವೈರು ಎಲ್ಲಾದ್ರೂ ಕಬ್ಬಿಣಕ್ಕೆ ತಾಗಿದ್ರೂ ಅಷ್ಟೇ. ಒತ್ತಿದ್ದು ಮನುಷ್ಯನಾ ಅಲ್ವಾ ಅಂತ ಹಾರ್ನಿಗೆ ಗೊತ್ತಾಗಲ್ಲ."

"ನಂಗೆ ಗೊತ್ತಾಗ್ತದೆ," ಎಂದ ಧರ್ಮೇಶ, ಕೀ ಎಸೆದ.

ಸಾಬರು ಸ್ಟಿಯರಿಂಗಿನ ನಡುವಿನ ಹಾರ್ನ್ ಬಟನ್ನನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆದರು. ಅದರ ವೈರನ್ನು ಬಿಚ್ಚಿ ತುದಿಗೆ ಟೇಪು ಸುತ್ತಿದರು. ಬಟನ್ನನ್ನು ಬೆನಕಪ್ಪನವರ ಅಂಗೈಯಲ್ಲಿಟ್ಟು, "ಮುಷ್ಟಿ ಮುಚ್ಕಳಿ. ಇನ್ನು ಕೂಗಿದ್ರೆ ಯಾವ ಕೈಯದೂ ಅಲ್ಲ," ಎಂದರು. ಬೆನಕಪ್ಪನವರು ದೇವಸ್ಥಾನದ ಪ್ರಸಾದ ಹಿಡಿದಂತೆ ಹಿಡಿದರು.

ಕೀ ಆನ್ ಮಾಡಿ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಸದ್ದಿಲ್ಲ. ಬಲಕ್ಕೆ. ಸದ್ದಿಲ್ಲ. ಒಂದು ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪು ಹಿಡಿದು, ಸ್ಟಿಯರಿಂಗ್ ಕಂಬದ ಉದ್ದಕ್ಕೂ ವೈರನ್ನು ಅಲುಗಿಸುತ್ತ ಹೋದರು. ಎಲ್ಲಾದರೂ ಸಿಪ್ಪೆ ಸವೆದು ಕಬ್ಬಿಣಕ್ಕೆ ತಾಗಿದ್ದರೆ ಬಲ್ಬು ಮಿನುಗಬೇಕು. ಮಿನುಗಲಿಲ್ಲ. ಮತ್ತೆ ಎಡಕ್ಕೆ ತಿರುಗಿಸಿದರು, ಮತ್ತೆ, ಇನ್ನೂ ಒಮ್ಮೆ. ಬೆವರು ಕನ್ನಡಕದ ಮೇಲೆ ಬಿತ್ತು.

"ಒಂಬತ್ತು," ಎಂದು ಎಣಿಸಿದ ಹೊನ್ನೇಶ. "ಹತ್ತು. ಸಾಕು ಬಿಡಿ ಸಾಬ್ರೇ, ಸ್ಟಿಯರಿಂಗ್ ಕಿತ್ತು ಬಂದೀತು."

ಮಾತು ಮುಗಿಯುವ ಮೊದಲೇ ಅವನು ರುದ್ರಮೂರ್ತಿಯ ಬಲಗೈಯನ್ನು ಜೇಬಿನಿಂದ ಎಳೆದಿದ್ದ. ರುದ್ರಮೂರ್ತಿ ಒದ್ದ. ಹೊನ್ನೇಶ ಮೊಣಕಾಲಿನಿಂದ ಅವನ ಹೊಟ್ಟೆಗೆ ಗುದ್ದಿದ. ಬಗ್ಗಿದವನ ಸಿಮೆಂಟು ಪಟ್ಟಿ ಬಂಪರಿಗೆ ಬಡಿದು, ಅವನಿಂದ ಹೊರಟ ಕೂಗಿಗೆ ರಸ್ತೆಯಾಚೆಯ ಸೈಕಲ್ ಅಂಗಡಿಯವನು ಎದ್ದು ನಿಂತ. ಹಾರೆ ಕಂಡು ಮತ್ತೆ ಕೂತ. ಬ್ಯಾಟರಿ ಇಡುವ ಹಲಗೆಯ ಮೇಲೆ ರುದ್ರಮೂರ್ತಿಯ ಅಂಗೈಯನ್ನು ಚಪ್ಪಟೆಯಾಗಿ ಹರಡಿ, ಮುಂಗೈ ಮೇಲೆ ಮಂಡಿಯೂರಿ ಹೊನ್ನೇಶ ಕೂತ.

"ಲೇ ಬ್ಯಾಡ ಕಣೋ! ದುಡಿಯೋ ಕೈ ಕಣೋ ಅದು!" ಬೆನಕಪ್ಪನವರು ಮುಷ್ಟಿ ಬಿಚ್ಚದೆಯೇ ಕೂಗಿದರು.

ಸಾಬರು ಪಿಕಪ್ಪನ್ನು ನೋಡುತ್ತ ನಿಂತುಬಿಟ್ಟಿದ್ದರು. ಅದರ ಚಕ್ರಗಳು ಎಡಕ್ಕೆ ಹೊರಳಿದ್ದವು. ಪಿಕಪ್ಪು ಮಾತ್ರ ನಿಂತಲ್ಲೇ ನಿಂತಿತ್ತು.

"ತಡೀರಿ! ತಿರುಗಿದ್ದು ಸ್ಟಿಯರಿಂಗು. ಗಾಡಿ ಎಲ್ಲಿ ತಿರುಗ್ತು? ಏರಿ ತಿರುವಲ್ಲಿ ಗಾಡಿ ಓಡ್ತಿತ್ತು. ಓಡ್ತಾ ತಿರುಗಿದ್ರೆ ಒಳಗಿರೋದೆಲ್ಲ ಒಂದು ಕಡೆಗೆ ವಾಲ್ತದೆ. ಓಡ್ಸಿ ನೋಡ್ಬೇಕು."

"ಯಾರು, ಇವನಾ? ಓಡ್ಸಿ ಪರಾರಿ ಆಗೋಕಾ?"

"ನೀನೇ ಓಡ್ಸು ಧರ್ಮೇಶಪ್ಪಾ. ಕೈ ನಿಂದು, ಸ್ಟಿಯರಿಂಗ್ ನಿಂದು. ಬಟನ್ ಬೆನಕಪ್ಪೋರ ಹತ್ರ. ಸಾಕಲ್ಲ?"

ಧರ್ಮೇಶ ಒಮ್ಮೆ ಹೊನ್ನೇಶನ ಕಡೆ ನೋಡಿದ. "ನಾನು ಬರೋತನ್ಕ ಕೈ ಬಿಡ್ಬೇಡ."

ಸಾಬರು ಪಕ್ಕದಲ್ಲಿ ಹತ್ತಿ, ತಮ್ಮ ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮಂಡಿಯ ಮೇಲಿಟ್ಟುಕೊಂಡರು. ಸಿಟ್ಟಿನಲ್ಲಿರುವವನು ಗಾಡಿ ಓಡಿಸುವುದಿಲ್ಲ, ಎಸೆಯುತ್ತಾನೆ. ಬಿರಿದ ಗಾಜಿನಲ್ಲಿ ತರೀಕೆರೆ ನೂರು ಚೂರಾಗಿ ಎದುರಿಗೆ ನುಗ್ಗಿ ಬಂತು. ಬಸ್‌ ಸ್ಟ್ಯಾಂಡಿನ ಹತ್ತಿರ ಎಡಕ್ಕೆ ಹೋಗುವ ರಸ್ತೆಯ ಮೂಲೆಯಲ್ಲಿ ಎಳನೀರು ಮಾರುವವನೊಬ್ಬ ರಸ್ತೆಗೆ ಬೆನ್ನು ಹಾಕಿ ನಿಂತಿದ್ದ. ಒಂದು ಕಾಯಿ ಎಡಗೈಯಲ್ಲಿ, ಮಚ್ಚು ಬಲಗೈಯಲ್ಲಿ, ಎತ್ತಿದ ಮಚ್ಚು ಇಳಿಯುತ್ತಿದ್ದ ಕ್ಷಣಕ್ಕೆ ಸರಿಯಾಗಿ ಧರ್ಮೇಶ ಎಡಕ್ಕೆ ತಿರುಗಿಸಿದ.

ಪೋಂ—

ಹೊಸ ಅರ್ತಿಂಗ್ ಪಟ್ಟಿಯ ಹಾರ್ನು. ಎಳನೀರಿನವನು ಒಂದಡಿ ನೆಗೆದ. ಮಚ್ಚು ಕಾಯಿಯನ್ನು ಬಿಟ್ಟು ಹೆಬ್ಬೆರಳಿಗೆ ಇಳಿಯಿತು. ಧರ್ಮೇಶ ಗಾಬರಿಯಲ್ಲಿ ಬ್ರೇಕ್ ಒತ್ತಿದ, ಅದೇ ಅವನು ಮಾಡಿದ ತಪ್ಪು. ರಕ್ತ ಸುರಿಯುವ ಕೈಯೊಂದು ಕಿಟಕಿಯೊಳಗೆ ಬಂದು ಅವನ ಕಾಲರ್ ಹಿಡಿದು, ಅರ್ಧ ದೇಹವನ್ನು ಹೊರಗೆಳೆಯಿತು. ಇನ್ನೊಂದು ಕೈಯಲ್ಲಿ ಮಚ್ಚು ಹಾಗೆಯೇ ಇತ್ತು.

"ಯಾವೂರೋ ನಿಂದು? ಕಿವಿ ತೂತು ಮಾಡೋಕ್ ಬಂದಿದೀಯಾ?"

ಮೊದಲ ಏಟಿಗೆ ತುಟಿ ಒಡೆಯಿತು. ಎರಡನೆಯದು ಮಚ್ಚಿನ ಹಿಡಿಯಿಂದ, ದವಡೆಗೆ ಬಿತ್ತು. ಏನೋ ಕಟಕ್ ಎಂದಿತು.

"ನಾನು ಒತ್ತಿಲ್ಲ ಕಣೋ!" ಧರ್ಮೇಶ ಬಾಯ್ತುಂಬ ರಕ್ತದಲ್ಲಿ ಕೂಗಿದ. "ಅದೇ ಹೊಡ್ಕಂತು!"

"ಅದೇ ಹೊಡ್ಕಂತಾ? ಹಂಗಾದ್ರೆ ಇದೂ ಅದೇ ಹೊಡ್ಕಂತದೆ, ತಗೋ!"

ಮೂರನೆಯದೂ ಬಿತ್ತು. ಸಾಬರು ಆ ಪಕ್ಕದಿಂದ ಇಳಿದು ಓಡಿಬಂದು, ಹೆಗಲ ಮೇಲಿನ ಟವೆಲನ್ನು ಎಳನೀರಿನವನ ಹೆಬ್ಬೆರಳಿಗೆ ಸುತ್ತಿ, "ವೈರಿಂಗ್ ಹೋಗೈತಪ್ಪಾ, ಬಟನ್ನೇ ಇಲ್ಲ ಗಾಡೀಲಿ, ನೋಡು ಬೇಕಾದ್ರೆ," ಎಂದು ಸ್ಟಿಯರಿಂಗಿನ ನಡುವಿನ ಖಾಲಿ ಕುಳಿಯನ್ನು ತೋರಿಸಿದರು. ಅವನು ಕುಳಿಯನ್ನು ನೋಡಿದ, ಧರ್ಮೇಶನನ್ನು ನೋಡಿದ, ನಂಬಿದ ಹಾಗೆ ಕಾಣಲಿಲ್ಲ. ಬೆರಳಿನ ನೋವು ಹೆಚ್ಚಾದ್ದರಿಂದ ಬಿಟ್ಟ.

ಅಂಗಡಿಗೆ ವಾಪಸಾಗುವ ದಾರಿಯಲ್ಲಿ ಇನ್ನೊಂದು ಎಡ ತಿರುವಿತ್ತು. ಹಾರ್ನು ಅಲ್ಲೂ ಕೂಗಿತು. ಧರ್ಮೇಶ ಕಾದ ಕಬ್ಬಿಣ ಮುಟ್ಟಿದವನಂತೆ ಸ್ಟಿಯರಿಂಗಿನಿಂದ ಎರಡೂ ಕೈ ತೆಗೆದುಬಿಟ್ಟ. ಸಾಬರು ಹಿಡಿಯದಿದ್ದರೆ ಗಾಡಿ ಚರಂಡಿಗೆ ಇಳಿಯುತ್ತಿತ್ತು.

ಆ ಕೂಗು ಅಂಗಡಿಯವರೆಗೆ ಕೇಳಿಸಿತ್ತು. ಗಾಡಿ ಬಂದು ನಿಂತಾಗ ಬೆನಕಪ್ಪನವರು ಮುಷ್ಟಿ ಬಿಚ್ಚಿ ಬಟನ್ನನ್ನೇ ನೋಡುತ್ತಿದ್ದರು. ಹೊನ್ನೇಶ ಎದ್ದು ನಿಂತಿದ್ದ. ರುದ್ರಮೂರ್ತಿ ಬಲಗೈಯನ್ನು ಕಂಕುಳಲ್ಲಿ ಅವುಚಿಕೊಂಡಿದ್ದ.

ಎಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು, ಸಾಬರು ಬಾನೆಟ್ ಎತ್ತಿದರು. ಈಗ ಹುಡುಕಬೇಕಾದದ್ದು ಏನೆಂದು ಗೊತ್ತಿತ್ತು: ಜೋತಾಡುವಂಥದ್ದು. ಗ್ರಿಲ್ಲಿನ ಹಿಂದೆ, ಹಾರ್ನಿನ ಪಕ್ಕದ ಬೋಲ್ಟಿಗೆ, ಸಂದಿಯಿಂದ ಹೊರಗೆ ಕಾಣುವಂತೆ, ಆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿತ್ತು. ದಾರದಲ್ಲಲ್ಲ, ಬೋರ್‌ವೆಲ್ ಪಂಪಿನ ಕೇಬಲ್ಲಿನಿಂದ ಎಳೆದ ತಾಮ್ರದ ತಂತಿಯಲ್ಲಿ. ತಂತಿಯ ಒಂದು ತುದಿ ಉದ್ದಕ್ಕೆ ಬೆರಳಿನಂತೆ ಚಾಚಿಕೊಂಡಿತ್ತು. ಸಾಬರು ನಿಂಬೆಹಣ್ಣನ್ನು ಮೆಲ್ಲಗೆ ಬಲಕ್ಕೆ ತಳ್ಳಿದರು. ಬೆರಳು ಹಾರ್ನಿನ ಎರಡನೆಯ ವೈರಿನ ತುದಿಗೆ ತಾಗಿತು.

ಪೋಂ.

ಎಲ್ಲರೂ ಬೆಚ್ಚಿದರು. ಸಾಬರು ಬೆಚ್ಚಿದ್ದು ಬೇರೆ ಕಾರಣಕ್ಕೆ. ಆ ವೈರಿನ ತುದಿಗೊಂದು ರಬ್ಬರ್ ಟೋಪಿ ಇರಬೇಕಿತ್ತು. ಹೋದ ತಿಂಗಳು ಅದು ಒಣಗಿ ಸೀಳಿದ್ದನ್ನು ಕಿತ್ತು ಎಸೆದವರು ಅವರೇ. ಹೊಸದು ಅಂಗಡಿಯಲ್ಲಿರಲಿಲ್ಲ. ಮುಂದಿನ ಸಲ ಹಾಕಿದರಾಯಿತು ಎಂದುಕೊಂಡಿದ್ದರು.

"ಯಾವನು ಕಟ್ಟಿದ್ದು ಇದು?" ಧರ್ಮೇಶ ಕೇಳಿದ. ದವಡೆ ಊದಿ ಮಾತು ಅರ್ಧ ನುಂಗಿತ್ತು.

ಬೆನಕಪ್ಪನವರು ಬಾಯಿ ತೆರೆದಾಗ ರುದ್ರಮೂರ್ತಿ ಥಟ್ಟನೆ, "ನಾನೇ," ಎಂದ.

"ನೀನೇ?"

"ನಾನೇ ಕಟ್ಟಿದ್ದು."

"ಅಂದ್ರೆ ಬೇಕಂತ್ಲೇ ಮಾಡಿದೀಯ!" ಧರ್ಮೇಶ ಹೊನ್ನೇಶನ ಕೈಯಿಂದ ಹಾರೆ ಕಿತ್ತುಕೊಂಡ. "ಬಟನ್ ಒತ್ತಿಲ್ಲ ಅಂತ ಹೇಳೋಕೆ ತಂತಿ ಕಟ್ಕಂಡಿದೀಯ!"

ಸಾಬರು ನಡುವೆ ಬಂದರು. "ತಡಿಯಪ್ಪಾ. ತಂತಿ ಯಾರಾದ್ರೂ ಕಟ್ಲಿ, ಆ ವೈರಿಗೆ ಟೋಪಿ ಹಾಕ್ದೆ ಕಳಿಸ್ದೋನು ನಾನು. ಹೊಡೆಯೋದಾದ್ರೆ ನಂಗೆ ಹೊಡಿ."

ಕೊನೆಯ ಮಾತು ಬಾಯಿ ಜಾರಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಬಗೆ ಹೇಗೆಂದು ಸಾಬರು ಯೋಚಿಸುತ್ತಿದ್ದರು, ಧರ್ಮೇಶ ಅಷ್ಟು ಪುರುಸೊತ್ತು ಕೊಡಲಿಲ್ಲ. ಹಾರೆಯ ಹಿಂತುದಿ ಎದೆಗೆ ತಿವಿಯಿತು. ಸಾಬರು ಜಾಕಿನ ಮೇಲೆ ಬಿದ್ದರು, ಮೊಣಕೈ ಸೀಳಿತು, ಕನ್ನಡಕ ಎಲ್ಲೋ ಹಾರಿತು. ರುದ್ರಮೂರ್ತಿ ಪಿಕಪ್ಪಿಗೆ ಬೆನ್ನು ಕೊಟ್ಟು, ಸಿಮೆಂಟು ಪಟ್ಟಿಯ ಕೈಯನ್ನೇ ಮುಖದ ಮುಂದೆ ಹಿಡಿದು ಕಣ್ಣು ಮುಚ್ಚಿದ. ಹಾರೆ ಮೇಲೆದ್ದಿತು.

ಮೇಲೆದ್ದದ್ದು ಅಲ್ಲೇ ನಿಂತಿತು. ನೆಲದ ಮೇಲೆ ಬಿದ್ದಲ್ಲಿಂದಲೇ ಸಾಬರು ಧರ್ಮೇಶನ ಮುಖ ನೋಡಿದರು. ಅವನು ನೋಡುತ್ತಿದ್ದದ್ದು ರುದ್ರಮೂರ್ತಿಯ ಭುಜದಾಚೆಯ ನಿಂಬೆಹಣ್ಣನ್ನು. ಅದರ ಗಂಟಿನಲ್ಲಿ ಗಿಳಿಹಸಿರು ಬಣ್ಣದ, ಸೀರೆ ಅಂಚಿನ ಒಂದು ಚಿಂದಿ ಇತ್ತು. ಅವನು ನಿಧಾನವಾಗಿ ತಿರುಗಿ ತನ್ನ ಟ್ರ್ಯಾಕ್ಟರನ್ನು ನೋಡಿದ. ಅಲ್ಲೂ ಅದೇ ತಾಮ್ರದ ತಂತಿ, ಅದೇ ಮೂರು ಸುತ್ತು, ಗಂಟಿನಲ್ಲಿ ಅದೇ ಗಿಳಿಹಸಿರು.

"ನಿಮ್ಮವ್ವ ಕಣೋ," ಎಂದರು ಬೆನಕಪ್ಪನವರು. "ಅಮಾಸೆ ದಿನ ನೀನು ಕಡೂರು ಸಂತೆಗೆ ಹೋಗಿದ್ಯಲ್ಲ, ಆಗ ತೀರ್ಥಮ್ಮ ಹೋಗಿ ಕಟ್ಟಿ ಬಂದ್ಲು. ಪ್ರತಿ ಅಮಾಸೆನೂ ಹೋಗ್ತಾಳೆ. ಮನೆತನದ ಗಾಡಿಗೆಲ್ಲ ಹಿರೀ ಹೆಂಗಸೇ ಕಟ್ಬೇಕು ಅಂತಲ್ವಾ ನಿಮ್ಮಲ್ಲಿ? ದಾರದಲ್ಲಿ ಕಟ್ಟಿದ್ರೆ ಮೇಕೆ ತಿಂತವೆ ಅಂತ ಈ ಸಲ ತಂತಿ ಹುಡುಕ್ಕಂಡಿದಾಳೆ. ಊರಿಗೆಲ್ಲ ಗೊತ್ತು, ನಿನ್ನೊಬ್ಬನಿಗೆ ಬಿಟ್ಟು."

ಅವರ ಪಾಲುಪಟ್ಟಿಯಲ್ಲಿ ಬಾವಿ, ಕಣ, ಹುಣಿಸೆಮರದ ಕೊಂಬೆಗಳು ಸಹ ಹಂಚಿಹೋಗಿದ್ದವು. ನಿಂಬೆಹಣ್ಣು ಕಟ್ಟುವ ಹಕ್ಕನ್ನು ಬರೆಸಲು ಎರಡೂ ಕಡೆಯ ವಕೀಲರು ಮರೆತಿದ್ದರು.

"ನೀನ್ಯಾಕೋ ನಾನೇ ಅಂದೆ?" ಧರ್ಮೇಶ ಹಾರೆ ಇಳಿಸದೆಯೇ ಕೇಳಿದ.

"ನೀನು ಮನೇಲಿ ದೊಡ್ಡವ್ವಂಗೆ ಏನ್ಮಾಡ್ತೀಯೋ ಅಂತ," ಎಂದ ರುದ್ರಮೂರ್ತಿ, ಕಣ್ಣು ತೆರೆಯದೆ.

ಧರ್ಮೇಶನ ಗಂಟಲಿನಿಂದ ಹೊರಟ ಸದ್ದು ಬೈಗುಳವೂ ಆಗಿರಲಿಲ್ಲ, ಅಳುವೂ ಆಗಿರಲಿಲ್ಲ. ಅವನು ರುದ್ರಮೂರ್ತಿಯನ್ನು ಭುಜ ಹಿಡಿದು ಪಕ್ಕಕ್ಕೆ ದೂಡಿ ಹಾರೆ ಇಳಿಸಿದ. ಗ್ರಿಲ್ಲು ಎರಡು ಹೋಳಾಯಿತು. ಎರಡನೆಯ ಏಟಿಗೆ ಹಾರ್ನು ತನ್ನ ಪಟ್ಟಿಯ ಮೇಲೆ ಮಡಚಿಕೊಂಡು, ಟೋಪಿಯಿಲ್ಲದ ಆ ತುದಿ ಕಬ್ಬಿಣಕ್ಕೆ ಕಚ್ಚಿ ಕೂತಿತು.

ಹಾರ್ನು ಕೂಗತೊಡಗಿತು, ನಿಲ್ಲಲಿಲ್ಲ. ಅವನು ಹೊಡೆದಷ್ಟೂ ಅದು ಕೂಗಿತು, ಅದು ಕೂಗಿದಷ್ಟೂ ಅವನು ಹೊಡೆದ. ಹೆಡ್‌ಲೈಟು ಪುಡಿಯಾಯಿತು, ಬಂಪರು ಬಾಗಿತು. ಹಿಡಿಯಲು ಹೋದ ಹೊನ್ನೇಶನ ಹಣೆಗೆ ಹಾರೆಯ ತುದಿ ಬಡಿದು ಅವನು ರಸ್ತೆಯಲ್ಲೇ ಕುಕ್ಕರಿಸಿದ. ಹೆದ್ದಾರಿಯಲ್ಲಿ ಗಾಡಿಗಳು ನಿಂತವು. ಯಾರು ಹಾರ್ನ್ ಹೊಡೆಯುತ್ತಿದ್ದಾರೆಂದು ತಿಳಿಯದೆ ಅವೂ ಹಾರ್ನ್ ಹೊಡೆದವು. ಸಾಬರು ಅಂಬೆಗಾಲಿಟ್ಟುಕೊಂಡು ಕ್ಯಾಬಿನ್ ತಲುಪಿ, ಡ್ಯಾಶ್‌ಬೋರ್ಡಿನ ಕೆಳಗೆ ಕೈ ತೂರಿಸಿ, ಕನ್ನಡಕವಿಲ್ಲದೆ ಬೆರಳ ಲೆಕ್ಕದಲ್ಲೇ ಫ್ಯೂಸ್ ಕಿತ್ತರು.

ಸದ್ದು ನಿಂತಿತು. ಧರ್ಮೇಶನೂ ನಿಂತ.

ಸ್ವಲ್ಪ ಹೊತ್ತು ಎಲ್ಲರೂ ತಂತಮ್ಮ ರಕ್ತ ಒರೆಸಿಕೊಂಡರು. ಸೈಕಲ್ ಅಂಗಡಿಯವನು ಒಂದು ಕೊಡ ನೀರು ತಂದಿಟ್ಟು, ಏನೂ ಕೇಳದೆ ಹೋದ. ಬೆನಕಪ್ಪನವರು ಕೆಮ್ಮಿ, "ಒಪ್ಪಂದ ಒಂದಿತ್ತಲ್ಲ," ಎಂದರು.

"ಹೋಗ್ತೀನಿ ಸ್ಟೇಷನ್ನಿಗೆ. ಇವನ್ನ ಮನೆಗೆ ಬಿಟ್ಟು ಹೋಗ್ತೀನಿ." ಧರ್ಮೇಶ ಬಗ್ಗಿ, ಗಾಜಿನ ಚೂರುಗಳ ನಡುವಿನಿಂದ ಆ ತಾಮ್ರದ ತಂತಿಯನ್ನು ಹೆಕ್ಕಿ, ಚಿಂದಿಯ ಸಮೇತ ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡ.

ಸಾಬರಿಗೆ ಎದೆ ನೋವಿಗಿಂತ ಆ ಜೇಬಿನ ಚಿಂತೆ ಹೆಚ್ಚಾಯಿತು. "ಅದ್ಯಾಕಪ್ಪಾ ನಿಂಗೆ?"

"ಅವ್ವಂಗೆ ತೋರ್ಸೋಕೆ."

"ತೋರ್ಸಿ?"

ಧರ್ಮೇಶ ಒಡೆದ ತುಟಿಯನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡ. "ಬರೋ ಅಮಾಸೆಗೆ ಇವನ ಗಾಡಿಗೆ ದಾರದಲ್ಲಿ ಕಟ್ಟು ಅಂತೀನಿ. ಮೇಕೆ ತಿಂದ್ರೆ ತಿನ್ಲಿ."

ಹೊನ್ನೇಶ ಹಣೆಗೆ ಬಟ್ಟೆ ಕಟ್ಟಿಕೊಂಡು ಟ್ರ್ಯಾಕ್ಟರ್ ಹತ್ತಿದ, ಬೆನಕಪ್ಪನವರು ಮತ್ತೆ ಮಡ್‌ಗಾರ್ಡ್ ಏರಿದರು. ರುದ್ರಮೂರ್ತಿಯ ಕೈಯಲ್ಲಿ ಗಾಡಿ ಓಡಿಸಲಾಗದು, ಧರ್ಮೇಶನೇ ಸ್ಟಿಯರಿಂಗ್ ಹಿಡಿದ. ಗ್ರಿಲ್ಲಿಲ್ಲ, ಒಂದು ಹೆಡ್‌ಲೈಟಿಲ್ಲ, ಹಾರ್ನಿನ ಜಾಗದಲ್ಲಿ ಜಜ್ಜಿದ ತಗಡಿನ ಮುದ್ದೆ. ಸಾಬರು ಮೊಣಕೈ ಒತ್ತಿ ಹಿಡಿದು ಬಾಗಿಲಲ್ಲಿ ನಿಂತು, "ಹಾರ್ನಿಲ್ದೆ ಹೋಗ್ತಿದೀರಿ, ನಿಧಾನ ಕಣ್ರಪ್ಪಾ," ಎಂದರು.

ಪಿಕಪ್ಪು ಎಡಕ್ಕೆ ತಿರುಗುವ ರಸ್ತೆ ಮುಟ್ಟಿತು. ಕಿಟಕಿಯಿಂದ ಒಂದು ಊದಿದ ಮುಖ ಹೊರಗೆ ಬಂದು, ದವಡೆಯ ನೋವಿಗೆ ಅರ್ಧ ಮಾತು ನುಂಗುತ್ತ, ಇಡೀ ಬೀದಿಗೆ ಕೇಳುವಂತೆ ಕೂಗಿತು:

"ಏಯ್, ಸರ್ಕಳ್ರೋ! ಗಾಡಿ ಬತ್ತಾ ಐತೆ!"